ಎಲ್ಲರ ಅಮ್ಮನ ಇಸ್ತ್ರಿ ಅಂಗಡಿ

ನನ್ನ ಇಸ್ತ್ರಿ ಅಂಗಡಿಯ ಹಿಂದಿನ ಗೋಡೆಯಲ್ಲಿ ಒಂದು ನೀಲಿ ಅಂಗಿ ತೂಗಾಡುತ್ತಿದೆ. ನಾಳೆ ಬರುತ್ತೇನೆ ಎಂದು ಕೊಟ್ಟು ಹೋದ ಪುಣ್ಯಾತ್ಮ ಇವತ್ತಿಗೂ ಪತ್ತೆಯಿಲ್ಲ. ಎಸೆಯಲು ಮನಸ್ಸು ಬರಲಿಲ್ಲ. ಧೂಳು ಕೂತು ಸುಕ್ಕಾದಾಗಲೆಲ್ಲ ಕೊಡವಿ, ನೀರು ಚಿಮುಕಿಸಿ, ಮತ್ತೆ ಇಸ್ತ್ರಿ ಮಾಡಿ ಅದೇ ಮೊಳೆಗೆ ಹಾಕುತ್ತೇನೆ. ಇದರಲ್ಲಿ ದೊಡ್ಡತನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವನು ಅಪ್ಪಿತಪ್ಪಿ ಬಂದು ನಿಂತರೆ ಮುದುರಿದ ಅಂಗಿ ಕೊಡಲು ನನಗೆ ನಾಚಿಕೆ, ಅಷ್ಟೇ. ಈ ಅಂಗಿ ನನ್ನ ಮಗಳ ತಲೆಗೆ ಸುತ್ತಿಕೊಳ್ಳುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅವತ್ತೇ ಒಲೆಗೆ ತುರುಕುತ್ತಿದ್ದೆ.

ಮಗಳಿಗೆ ಒಳ್ಳೆಯ ಹೆಸರೇ ಇದೆ. ನಾನು ಕರೆಯುವುದು ಮಾತ್ರ ವಟವಟಿ ಎಂದು. ಶಾಲೆ ಬಿಟ್ಟವಳೇ ಅಂಗಡಿಗೆ ಬಂದು ಬಟ್ಟೆಗಂಟಿನ ಮೇಲೆ ಕೂತು ಪುಸ್ತಕದಲ್ಲಿನ ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಬರೀ ಓದಿದರೆ ಸರಿ, ಪದ್ಯದೊಳಗಿನವರ ಬಗ್ಗೆ ಪಕ್ಕದ ಮನೆಯವರ ಬಗ್ಗೆ ಚಾಡಿ ಹೇಳಿದ ಹಾಗೆ ಹೇಳುತ್ತಿದ್ದಳು.

"ಅಮ್ಮಾ, ಈ ಅಜ್ಜಿ ಸುಳ್ಳಿ. ಮಗ ಬರ್ತಾನೆ ಅಂತ ಬಾಗಿಲು ತೆರೆದಿಟ್ಟಿದೀನಿ ಅಂತಾಳೆ. ಅವ್ಳಿಗೆ ಮಗನ ಮುಖಾನೇ ನೆನಪಿಲ್ಲ."

"ನಿಂಗೆ ಹೇಗೆ ಗೊತ್ತೇ? ನಿನ್ನ ಕಿವೀಲಿ ಬಂದು ಹೇಳಿದ್ಲಾ?"

"ನೋಡು, ಬಾಗಿಲು ಹೇಗಿದೆ, ಹೊಸ್ತಿಲು ಹೇಗಿದೆ ಎಲ್ಲಾ ಹೇಳಿದಾಳೆ. ಮಗ ಹೇಗಿದಾನೆ ಅಂತ ಒಂದು ಸಾಲಾದ್ರೂ ಇದೆಯಾ?"

ನಾನು ಹೂಂಗುಟ್ಟುತ್ತ ಕಾಲರ್ ಒತ್ತುತ್ತಿದ್ದೆ. ದಿನದ ಬೆನ್ನುನೋವೆಲ್ಲ ಆ ಹೊತ್ತಿಗೆ ಮರೆತು ಹೋಗುತ್ತಿತ್ತು.

ಅವಳ ಅಪ್ಪ ಮೇಷ್ಟ್ರು. ಊರೇ ಹಾಗೆ ಕರೆಯುತ್ತಿತ್ತು, ನಾನೂ ಹಾಗೆಯೇ ಕರೆಯುತ್ತೇನೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಂತಿಮ ಪರೀಕ್ಷೆಯ ಮಕ್ಕಳಿಗೆ ಭಾಷಾ ಪತ್ರಿಕೆಯ ಟ್ಯೂಷನ್ ಹೇಳುತ್ತಿದ್ದರು. ಆ ಪತ್ರಿಕೆಯ ದೊಡ್ಡ ಪ್ರಶ್ನೆ ಒಂದೇ: ಪಠ್ಯದ ಎರಡು ಪದ್ಯ ಕೊಡುತ್ತಾರೆ, ಹೋಲಿಸಿ ಪ್ರಬಂಧ ಬರೆಯಬೇಕು. ಅದಕ್ಕೆ ಮೇಷ್ಟ್ರು ಒಂದು ಅಚ್ಚು ಮಾಡಿಟ್ಟಿದ್ದರು. ಪೀಠಿಕೆ, ಸಾಮ್ಯ, ವ್ಯತ್ಯಾಸ, ಸಮಾರೋಪ. ಯಾವ ಪದ್ಯವೇ ಬರಲಿ, ಕೊನೆಯ ಸಾಲು ಮಾತ್ರ 'ಎರಡೂ ಕವಿತೆಗಳಲ್ಲಿ ಆಶಾವಾದ ಮಿನುಗುತ್ತದೆ' ಎಂದೇ ಇರಬೇಕು. ಗೋಡೆಯಾಚೆ ಮಕ್ಕಳು ಒಟ್ಟಾಗಿ ಅದನ್ನು ಒದರುವುದನ್ನು ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ವಟವಟಿ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. "ಅಪ್ಪಾ, ಈ ಚಮಚಾನೂ ಈ ತಟ್ಟೇನೂ ಹೋಲಿಸಿ ನೋಡೋಣ."

ಮೇಷ್ಟ್ರಿಗೆ ಕೋಪ ಬರುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ಒಂದೆಡೆ ಚಮಚ ಉದ್ದವಾಗಿದೆ, ಇನ್ನೊಂದೆಡೆ ತಟ್ಟೆ ದುಂಡಗಿದೆ. ಆದರೆ ಎರಡರಲ್ಲೂ..." ಎನ್ನುತ್ತಿದ್ದರು. ಉಳಿದದ್ದನ್ನು ಮೂವರೂ ಒಟ್ಟಿಗೆ ಕೂಗಿ ನಗುತ್ತಿದ್ದೆವು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಸಾಹಿತ್ಯ ಹೇಳಿಕೊಡುವ ಕಾಲೇಜಿನಲ್ಲಿ ಒಂದು ಸೀಟು. ಅಲ್ಲಿಯವರು ಬೇರೆ ಯಾವ ಅಂಕವನ್ನೂ ನೋಡುವುದಿಲ್ಲ, ಈ ಒಂದು ಪತ್ರಿಕೆಯದ್ದು ಮಾತ್ರ. ಶಾಲೆಯ ಟೀಚರಮ್ಮ ನನ್ನ ಅಂಗಡಿಗೇ ಬಂದು, "ಇವ್ಳಿಗೆ ಸಿಗದೆ ಇನ್ಯಾರಿಗೆ ಸಿಗುತ್ತೆ, ಕಣ್ಣು ಮುಚ್ಚಿ ನಿದ್ದೆ ಮಾಡಿ" ಎಂದು ಹೇಳಿ ಹೋಗಿದ್ದರು. ನಾನು ಹಾಗೇ ಮಾಡಿದೆ.

ಪರೀಕ್ಷೆ ಹತ್ತಿರ ಬಂದಾಗ ಒಂದು ಭಾನುವಾರ ಅವಳು ಅಂಗಡಿಯಲ್ಲೇ ಕೂತು ಒಂದು ಪ್ರಬಂಧ ಬರೆದಳು. ಒಂದು ಪದ್ಯ ಆ ಬಾಗಿಲು ತೆರೆದಿಟ್ಟ ಅಜ್ಜಿಯದು. ಇನ್ನೊಂದು, ಹೊಳೆಗೆ ಸೇತುವೆ ಬಂದ ಮೇಲೂ ತನ್ನ ದೋಣಿಯ ಬಿರುಕಿಗೆ ಮೇಣ ತುಂಬುತ್ತ ಕೂತವನದು. ಬರೆದು ಮುಗಿಸಿ ನನಗೆ ಓದಿ ಹೇಳಿದಳು. ಪ್ರಬಂಧದ ನಡುವೆ ನಾನೇ ಬಂದೆ.

'ನನ್ನ ಅಮ್ಮನಿಗೆ ಇಸ್ತ್ರಿ ಅಂಗಡಿ ಇದೆ. ಅಲ್ಲಿ ಯಾರೋ ಬಿಟ್ಟುಹೋದ ಒಂದು ನೀಲಿ ಅಂಗಿ ಇದೆ. ಅವನು ಬರುತ್ತಾನೆ ಎಂಬ ಆಸೆ ಅಮ್ಮನಿಗೆ ಇಲ್ಲ. ಆದರೂ ಅಂಗಿ ಸುಕ್ಕಾಗಲು ಬಿಡುವುದಿಲ್ಲ. ಕಾಯುವುದು ಆಸೆಯಲ್ಲ, ಅದೊಂದು ಕೆಲಸ. ಈ ಎರಡು ಕವಿತೆಗಳಲ್ಲಿ ಇರುವುದೂ ಆಸೆಯಲ್ಲ.'

"ಥೂ, ಹೋಗೇ, ನನ್ನ ಅಂಗಡೀನ ಯಾಕೆ ಬೀದಿಗೆ ಎಳೀತೀಯ" ಎಂದೆ. ಬಾಯಲ್ಲಿ ಹಾಗೆಂದೆನೇ ಹೊರತು ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಮದುವೆಯಾದಾಗಿನಿಂದ ಆ ಅಂಗಡಿಯಲ್ಲಿ ನಿಂತಿದ್ದೇನೆ. ನಾನು ಮಾಡುವುದನ್ನು ಒಬ್ಬರೂ ಅಷ್ಟು ಸರಿಯಾಗಿ ನೋಡಿರಲಿಲ್ಲ.

ಅದನ್ನವಳು ಅಪ್ಪನಿಗೆ ತೋರಿಸಿದಳು. ಮೇಷ್ಟ್ರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಹೂಂ" ಎಂದರು. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಪರೀಕ್ಷೆಯಲ್ಲಿ ಅದೇ ಎರಡು ಪದ್ಯ ಬಂದವು. ಅವಳು ತನಗೆ ಅನ್ನಿಸಿದ್ದನ್ನೇ ಬರೆದು, ಗಾಳಿಯಲ್ಲಿ ತೇಲಿಕೊಂಡು ಹೊರಗೆ ಬಂದಳಂತೆ. ಗೇಟಿನ ಹತ್ತಿರ ಮೇಷ್ಟ್ರ ಟ್ಯೂಷನ್ನಿನ ಹುಡುಗಿಯರ ಗುಂಪು. ಒಬ್ಬಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳಂತೆ. "ನಮ್ಮಮ್ಮ ಹಲ್ಲಿನ ಡಾಕ್ಟ್ರು ಕಣ್ರೇ! ಆದ್ರೂ ಪೇಪರಲ್ಲಿ ಇಸ್ತ್ರಿ ಅಂಗಡಿ ಇಡಿಸ್ಬಿಟ್ಟೆ!"

ಅವಳ ಕೈಯಲ್ಲಿದ್ದ ಜೆರಾಕ್ಸ್ ಹಾಳೆಯನ್ನು ಕಿತ್ತುಕೊಂಡು ಮಗಳು ನೇರ ನನ್ನ ಅಂಗಡಿಗೆ ಬಂದಳು. ಹಾಳೆಯನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟಳು. ಅವಳ ಪ್ರಬಂಧ, ಅಕ್ಷರ ಬಿಡದ ಹಾಗೆ. ತಲೆಯಲ್ಲಿ 'ಮಾದರಿ ಉತ್ತರ' ಎಂದು ದಪ್ಪಗೆ, ಅದರ ಕೆಳಗೆ 'ರಚನೆ' ಎಂದು ಮೇಷ್ಟ್ರ ಹೆಸರು.

ನನ್ನ ಮೈಯೆಲ್ಲ ಉರಿದುಹೋಯಿತು. ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿ, ಅಂಗಡಿಯ ಬಾಗಿಲನ್ನೂ ಎಳೆಯದೆ ಮನೆಗೆ ಓಡಿದೆ.

"ಏನ್ರೀ ಇದು? ಮಗಳದ್ದನ್ನ ಊರಿಗೆಲ್ಲಾ ಹಂಚಿದೀರಾ?"

ಅವರು ಹಾಳೆ ನೋಡಿ ಮೆತ್ತಗಾದರು. "ತುಂಬಾ ಚೆನ್ನಾಗಿತ್ತು ಕಣೇ. ಇಷ್ಟು ವರ್ಷದಲ್ಲಿ ನನ್ ಕೈಲಿ ಅಂಥದ್ದೊಂದು ಬರೆಯೋಕಾಗ್ಲಿಲ್ಲ. ಒಳ್ಳೇದು ಹೇಗಿರುತ್ತೆ ಅಂತ ಮಕ್ಕಳು ನೋಡ್ಲಿ ಅಂತ ಕೊಟ್ಟೆ."

"ಹೆಸರು?"

"ಎಲ್ಲಾ ಹಾಳೆ ಮೇಲೂ ಅದೇ ಇರುತ್ತೆ. ಜೆರಾಕ್ಸಿನವನು ತಾನೇ ಹಾಕಿಬಿಡ್ತಾನೆ. ನಾನು ನೋಡ್ಲಿಲ್ಲ."

"ನನ್ನ ಅಂಗಡಿ, ಆ ಅಂಗಿ, ಅದನ್ನಾದ್ರೂ ತೆಗೀಬಾರದಾಗಿತ್ತಾ?"

"ಸ್ವಂತ ಅನುಭವ ಬರೆದರೆ ಅಂಕ ಜಾಸ್ತಿ ಕಣೇ" ಎಂದರು ಮೇಷ್ಟ್ರು. ಎಂದ ಮೇಲೆ ತಾವೇನು ಹೇಳಿದೆವು ಎಂಬುದು ತಮಗೇ ಹೊಳೆದು, ಕುರ್ಚಿಗೆ ಕುಸಿದರು.

ಫಲಿತಾಂಶ ಬಂದಾಗ ಅವಳ ಹೆಸರಿನ ಮುಂದೆ ಅಂಕ ಇರಲಿಲ್ಲ. 'ತಡೆಹಿಡಿಯಲಾಗಿದೆ' ಎಂದಿತ್ತು. ಟ್ಯೂಷನ್ನಿನ ಎಲ್ಲ ಮಕ್ಕಳದ್ದೂ ಹಾಗೇ. ಪರೀಕ್ಷಾ ಮಂಡಳಿಯಿಂದ ವಿಚಾರಣೆಗೆ ಕರೆ ಬಂತು. ಉಳಿದವರು ಒಬ್ಬೊಬ್ಬರಾಗಿ ಹೋಗಿ, ನಕಲು ಮಾಡಿದೆವು, ತಪ್ಪಾಯಿತು ಎಂದು ಬರೆದುಕೊಟ್ಟು ಪೂರಕ ಪರೀಕ್ಷೆಗೆ ಅನುಮತಿ ತಂದರು. ನನ್ನ ಮಗಳು, ನಾನು ಯಾಕೆ ಬರೆದುಕೊಡಲಿ ಎಂದಳು. ಯಾಕೆ ಬರೆದುಕೊಡಬೇಕು, ನಾನೂ ಬಿಡೆ ಎಂದೆ.

ಒಳ್ಳೆಯ ಬಟ್ಟೆ ಉಟ್ಟುಕೊಂಡು, ಆ ನೀಲಿ ಅಂಗಿಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮಗಳ ಜೊತೆ ಹೊರಟೆ. ಮೇಷ್ಟ್ರು ಹಿಂದೆ ಬಂದರು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ.

ಮಂಡಳಿಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ತುದಿಯಲ್ಲಿ ದಾರ ಕಟ್ಟಿದ ಉತ್ತರ ಪತ್ರಿಕೆಗಳ ಕಟ್ಟು. ನಡುವೆ ಮಂಡಳಿಯ ಅಧ್ಯಕ್ಷರು, ಪಕ್ಕದಲ್ಲಿ ನರೆತ ಕೂದಲಿನ ಇನ್ನೊಬ್ಬರು ಟೀಚರಮ್ಮ, ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ. ಪತ್ರಿಕೆ ತಿದ್ದುವಾಗ ಕಳ್ಳತನ ಹಿಡಿದದ್ದು ಆ ಟೀಚರಮ್ಮನೇ.

"ಒಂದೇ ಕಟ್ಟಿನಲ್ಲಿ ಮೂವತ್ತು ಅಮ್ಮಂದಿರು, ಮೂವತ್ತು ಇಸ್ತ್ರಿ ಅಂಗಡಿ" ಎಂದರು ಅವರು. "ಮೊದಲು ನಗು ಬಂತು. ಆಮೇಲೆ ಅಳು ಬಂತು." ಆಮೇಲೆ ಮಗಳನ್ನು ನೋಡಿ, "ನೀನೇ ಬರೆದಿದ್ದು ಅಂತೀಯ. ಸರಿ, ಅದೇ ಪದ್ಯ ಕೊಡ್ತೀನಿ. ಇಲ್ಲೇ ಕೂತು ಬರಿ" ಎಂದರು.

ನನಗೆ ಉಸಿರು ಬಂತು. ಬರೆಯುವುದೇನು ಇವಳಿಗೆ ದೊಡ್ಡದು!

ಅವಳು ಬರೆದಳು. ಟೀಚರಮ್ಮ ಹಳೆಯ ಹಾಳೆಯನ್ನೂ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳು ಆಡಿಸುತ್ತ ಓದಿದರು. ಓದುತ್ತ ಓದುತ್ತ ಮುಖ ಸಪ್ಪಗಾಯಿತು. ಹಾಳೆಗಳನ್ನು ಅಧ್ಯಕ್ಷರ ಕಡೆ ತಳ್ಳಿದರು.

"ಅದೇ ಮಾತು, ಅದೇ ಅಂಗಿ" ಎಂದರು ಅಧ್ಯಕ್ಷರು. "ಚೆನ್ನಾಗಿ ಬಾಯಿಪಾಠ ಮಾಡಿದೀಯಮ್ಮ."

"ಬಾಯಿಪಾಠ ಅಲ್ಲ ಸರ್, ನಂಗೆ ಆ ಪದ್ಯದಲ್ಲಿ ಕಾಣೋದೇ ಅದು. ಬೇರೆ ಯೋಚ್ನೆ ಎಲ್ಲಿಂದ ತರ್ಲಿ?"

"ಬೇರೆ ಬರೆದಿದ್ರೆ?" ಎಂದು ನಾನು ಬಾಯಿ ಹಾಕಿದೆ. "ಆಗ, ಹಾಗಾದ್ರೆ ಮೊದಲಿನದು ಇವ್ಳದ್ದಲ್ಲ ಅಂತಿದ್ರಿ. ಹೌದೋ ಅಲ್ವೋ?"

ನಾನು ಎದ್ದು ಚೀಲ ಬಿಚ್ಚಿ ಅಂಗಿಯನ್ನು ಮೇಜಿನ ಮೇಲೆ ಹರಡಿದೆ. "ತಗೊಳ್ಳಿ. ಇದೇ ಆ ಅಂಗಿ. ಆ ಅಂಗಡಿ ನಂದು. ಉಳಿದ ಇಪ್ಪತ್ತೊಂಬತ್ತು ಜನರಲ್ಲಿ ಒಬ್ಬರಾದ್ರೂ ಇದನ್ನ ಕಣ್ಣಿಂದ ನೋಡಿದಾರಾ ಕೇಳಿ. ಇವ್ಳು ನನ್ ಮಗಳು. ದಿನಾ ಇದರ ಕೆಳಗೇ ಕೂತು ಓದ್ತಾಳೆ."

ಟೀಚರಮ್ಮ ಅಂಗಿಯ ತೋಳನ್ನು ಮೆಲ್ಲನೆ ಮುಟ್ಟಿ ನೋಡಿದರು. ಅವರ ಕಣ್ಣು ತೇವವಾಗಿದ್ದು ಸುಳ್ಳಲ್ಲ. ಈಗ ಗೆದ್ದೆವು ಎಂದುಕೊಂಡೆ, ಬೆಪ್ಪುತಕ್ಕಡಿ ನಾನು.

ಅಧ್ಯಕ್ಷರು ಉಳಿದ ಮಕ್ಕಳು ಒಪ್ಪಿಸಿದ್ದ ಜೆರಾಕ್ಸ್ ಹಾಳೆ ಎತ್ತಿ ಹಿಡಿದರು. "ಅಮ್ಮಾ, ಅಂಗಿ ನಿಮ್ಮನೇದು ಅಂತ ನಾನೂ ಒಪ್ತೀನಿ. ಆದ್ರೆ ಆ ಮನೇಲಿ ನಿಮ್ಮ ಯಜಮಾನರೂ ಇದಾರಲ್ಲ. ಈ ಅಂಗಿ ಅವರೂ ನೋಡಿದಾರೆ. ಇಲ್ಲಿ ಹೆಸರಿರೋದು ಅವರದ್ದು."

ಅಷ್ಟು ಹೊತ್ತು ಗೋಡೆಗೆ ಅಂಟಿ ನಿಂತಿದ್ದ ಮೇಷ್ಟ್ರು ಮುಂದೆ ಬಂದರು. "ಸರ್, ಬರೆದವಳು ನನ್ನ ಮಗಳು. ನನಗೆ ಅಷ್ಟು ಚೆನ್ನಾಗಿ ಬರೆಯೋಕೆ ಬರಲ್ಲ. ನಂಬಿ."

"ಮೂವತ್ತು ಮಕ್ಕಳ ಕೈಲಿ 'ನನ್ನ ಅಮ್ಮ' ಅಂತ ಬರೆಸಿದವರು ನೀವು" ಎಂದರು ಅಧ್ಯಕ್ಷರು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇವತ್ತು 'ನನ್ನ ಮಗಳು' ಅಂತಿದೀರಿ. ನಾನು ಹೇಗೆ ನಂಬ್ಲಿ ಮೇಷ್ಟ್ರೇ?"

ಮೇಷ್ಟ್ರು ಮತ್ತೆ ಗೋಡೆಯ ಕಡೆ ಸರಿದರು. ಅವರು ಬದುಕಿನಲ್ಲಿ ಹೇಳಿದ ಅತಿ ನಿಜವಾದ ಮಾತು ಅದು. ಅದೇ ನಡೆಯಲಿಲ್ಲ.

ಗುಮಾಸ್ತ ಒಂದು ಹಾಳೆಯನ್ನು ಮಗಳ ಮುಂದೆ ಸರಿಸಿದ. ತಪ್ಪೊಪ್ಪಿಕೊಂಡರೆ ಪೂರಕ ಪರೀಕ್ಷೆ. ಇಲ್ಲದಿದ್ದರೆ ಮೂರು ವರ್ಷ ಯಾವ ಪರೀಕ್ಷೆಗೂ ಕೂರುವ ಹಾಗಿಲ್ಲ.

"ಹಾಕ್ಬೇಡ ಕಣೇ" ಎಂದೆ. ನನ್ನ ದನಿ ಕೋಣೆಯ ಹೊರಗೂ ಕೇಳಿರಬೇಕು. "ನೀನು ಮಾಡದ ತಪ್ಪಿಗೆ ಸಹಿ ಹಾಕ್ಬೇಡ. ನಾನಿದೀನಿ."

"ಮೂರು ವರ್ಷ, ಅಮ್ಮ" ಎಂದಳು ಅವಳು. ಪೆನ್ನು ತೆಗೆದುಕೊಂಡಳು. ಆಮೇಲೆ ತಲೆಯೆತ್ತಿ, "ಇದನ್ನಾದ್ರೂ ನನ್ನ ಸ್ವಂತ ಮಾತಲ್ಲಿ ಬರೀಬಹುದಾ?" ಎಂದು ಕೇಳಿದಳು.

"ಬೇಡಮ್ಮ" ಎಂದ ಗುಮಾಸ್ತ. "ಮಾದರಿ ಇದೆ. ನೋಡ್ಕೊಂಡು ಹಾಗೇ ಬರಿ."

ಅವಳು ನೋಡಿಕೊಂಡು ಬರೆದಳು. 'ಸದರಿ ಪ್ರಬಂಧವು ನನ್ನ ಸ್ವಂತ ಬರಹವಲ್ಲ.' ಕೆಳಗೆ ಸಹಿ ಹಾಕಿದಳು. ನಾನು ಅಂಗಿ ಮಡಿಸಲು ಹೋದೆ. ಇಷ್ಟು ವರ್ಷ ಬಟ್ಟೆ ಮಡಿಸಿದ ಕೈಗೆ ಅವತ್ತು ಒಂದು ಅಂಗಿ ಮಡಿಸಲಾಗಲಿಲ್ಲ. ಮುದ್ದೆ ಮಾಡಿ ಚೀಲಕ್ಕೆ ತುರುಕಿಕೊಂಡು ಬಂದೆ.

ಮನೆಗೆ ಬಂದು ಮೇಷ್ಟ್ರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದಕ್ಕೂ ಎದುರಾಡಲಿಲ್ಲ. ಎದುರಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ಅವರ ಟ್ಯೂಷನ್ ಅಲ್ಲಿಗೆ ಮುಗಿಯಿತು. ಮುಂದಿನ ಕೋಣೆಯಲ್ಲಿ ಬೆಂಚುಗಳು ಒಂದರ ಮೇಲೊಂದು ಕೂತವು.

ಮರುದಿನದಿಂದ ಆ ಕೋಣೆಗೆ ಮಗಳು ಹೋಗತೊಡಗಿದಳು. ಒಂದು ಬೆಂಚು ಇಳಿಸಿಕೊಂಡು, ಅಪ್ಪನ ಹಳೆಯ ಹಾಳೆಗಳನ್ನು ಹರಡಿಕೊಂಡು, ಕಣ್ಣು ಮುಚ್ಚಿ ಬಾಯಿಪಾಠ ಮಾಡತೊಡಗಿದಳು. ಪೀಠಿಕೆ, ಸಾಮ್ಯ, ವ್ಯತ್ಯಾಸ. ಮೇಷ್ಟ್ರು ಬಾಗಿಲಲ್ಲಿ ನಿಂತು, "ಅದೆಲ್ಲಾ ಬೇಡ ಮಗಳೇ, ನೀನು ನಿನ್ನ ಹಾಗೇ ಬರಿ" ಎಂದು ಬೇಡಿಕೊಂಡರು. ಅವಳು ಬೆರಳಿಂದ ಸಾಲು ಹಿಡಿದುಕೊಂಡು, "ಈಗ ಮಾತಾಡಿಸ್ಬೇಡಿ ಅಪ್ಪಾ, ಮರೆತು ಹೋಗುತ್ತೆ" ಎಂದಳು.

ಪೂರಕ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ತುಂಬಾ ಒಳ್ಳೆಯ ಅಂಕ. ಆದರೆ ಅಷ್ಟರಲ್ಲಿ ಆ ಕಾಲೇಜಿನ ಸೀಟುಗಳು ತುಂಬಿಹೋಗಿದ್ದವು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಎಂದು ಶಾಲೆಯ ಟೀಚರಮ್ಮ ಬಂದು ಹೇಳಿದರು. ಬೇಡ ಮಿಸ್ ಎಂದು ನಕ್ಕು, ಅಕೌಂಟ್ಸ್ ಕಲಿಸುವ ಕಡೆ ಸೇರಿಕೊಂಡಳು.

ಈಗಲೂ ಸಂಜೆ ಅಂಗಡಿಗೆ ಬರುತ್ತಾಳೆ. ಬಟ್ಟೆ ಎಣಿಸಿ ಚೀಟಿ ಬರೆಯುತ್ತಾಳೆ. ಮಾತು ಬೇಕಾದಷ್ಟೇ. ಎಷ್ಟು ಜೊತೆ, ಯಾವತ್ತಿಗೆ, ಅಷ್ಟೇ. ವಟವಟಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ನೀಲಿ ಅಂಗಿ ಇಳಿಸಿ ಇಸ್ತ್ರಿಗೆ ಹಾಕಿದ್ದೆ. ಅವಳು ನೋಡಿಯೂ ನೋಡದ ಹಾಗೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಅವಳ ಹಳೆಯ ಪದ್ಯದ ಪುಸ್ತಕ ತೆಗೆದು ಧೂಳು ಒರೆಸಿ ಕೈಗೆ ಕೊಟ್ಟೆ. "ಏನಾದ್ರೂ ಒಂದು ಓದೇ. ಈ ಅಂಗಡೀಲಿ ಸದ್ದೇ ಇಲ್ಲ."

ಅವಳು ಇಲ್ಲ ಎನ್ನಲಿಲ್ಲ. ತೆರೆದ ಪುಟದಲ್ಲಿದ್ದ ಒಂದು ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ, ತಡವರಿಸದೆ, ನನಗಾಗಿ ಓದಿದಳು. ಮನೆ ಬಿಟ್ಟು ಹೋಗುವ ಮುಂಚೆ ಗಿಡಗಳಿಗೆ ನೀರು ಹಾಕುವ ಒಬ್ಬಳ ಪದ್ಯ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟೆ.

"ಹೇಳೇ, ಏನನ್ಸುತ್ತೆ ನಿಂಗೆ? ಅವ್ಳು ಮತ್ತೆ ಬರ್ತಾಳಾ?"

ಅವಳು ಪುಸ್ತಕ ಮುಚ್ಚಿ, ಚೀಟಿಗಳ ಕಟ್ಟನ್ನು ಕೈಗೆತ್ತಿಕೊಂಡಳು.

"ಎರಡೂ ಕವಿತೆಗಳಲ್ಲಿ ಆಶಾವಾದ ಮಿನುಗುತ್ತದೆ ಅಮ್ಮ" ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಅವಳು ಓದಿದ್ದು ಒಂದೇ ಪದ್ಯ.