ಮೊದಲ ಉಸಿರು ಅಂಗಡಿಯದು

ನಮ್ಮ ಚಿಕ್ಕಪ್ಪ ಮುಳುಗುಗಾರರ ಸಾಮಾನು ಮಾರುವ ತಮ್ಮ ಅಂಗಡಿಯಿಂದ ರೆಗ್ಯುಲೇಟರ್ ಕೊಡುವಾಗ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಸಿಲಿಂಡರಿಗೆ ಜೋಡಿಸಿ, ಬಾಯಿಗಿಟ್ಟು, ಮೀಟರಿನ ಮುಳ್ಳು ನೋಡುತ್ತಾ ತಾವೇ ಉಸಿರೆಳೆಯುವರು. ಮುಳ್ಳು ಅಲುಗದಿದ್ದರೆ ಮಾತ್ರ ಗಿರಾಕಿಯ ಕೈಗೆ. "ಮೊದಲ್ನೇ ಉಸಿರು ಅಂಗಡೀದು" ಎಂದು ನಗುವರು. ನೀರಿನಡಿಯಲ್ಲಿ ಸಿಲಿಂಡರಿನ ಗಾಳಿಯನ್ನು ಹದವಾಗಿ ಬಾಯಿಗೆ ತಲುಪಿಸುವುದು ಆ ಪುಟ್ಟ ಯಂತ್ರವೇ. ಅದು ಕೈಕೊಟ್ಟರೆ ಕಥೆ ಮುಗಿಯಿತು. ಹಡಗಿನ ತಳಕ್ಕಂಟಿದ ಚಿಪ್ಪು ಕೆರೆಯುವ ಕೆಲಸ ನನಗೆ ಕಲಿಸಿದ್ದೂ ಅವರೇ. ಅಪ್ಪನಿಗಿಂತ ಹೆಚ್ಚು ನಂಬಿದ್ದೆ, ಸುಳ್ಳೇಕೆ ಹೇಳಲಿ.

ಈಗ ನನ್ನ ತಂಗಿಯೂ ಅದೇ ಕೆಲಸಕ್ಕೆ ಸೇರಿದ್ದಳು. ಮರುದಿನ ಬೆಳಿಗ್ಗೆ ಮೊದಲ ಸಲ ನೀರಿಗಿಳಿಯಬೇಕು. ಗೊತ್ತಾದರೆ ಅಮ್ಮ ರಂಪ ಮಾಡುತ್ತಾಳೆಂದು ಮನೆಯವರಿಗೆ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಚಿಕ್ಕಪ್ಪನಿಗೂ ಫೋನಿನಲ್ಲಿ, "ನಮ್ ತಂಡಕ್ಕೆ ಹೊಸ ಹುಡುಗಿ ಬಂದಿದಾಳೆ. ಕಡಿಮೆ ರೇಟಲ್ಲಿ, ಆದ್ರೆ ನಂಬೋವಂಥದ್ದು ಕೊಡಿ" ಎಂದಷ್ಟೇ ಹೇಳಿದ್ದೆ.

"ಹೊಸದೇ ಬೇಕು ಅಂತ ಹಟ ಬೇಡ" ಎಂದರು. "ಹೊಳಪು ನೋಡಿ ಮರುಳಾಗೋದೂ ಬೇಡ. ಬಿಡಿಭಾಗ ಎಲ್ಲಾ ಕಡೆ ಸಿಗೋ ಮಾಡೆಲ್ಲು, ಚೆನ್ನಾಗಿ ಸರ್ವಿಸ್ ಆಗಿರೋದು ಒಂದಿದೆ. ಬಾ."

ಸಂಜೆ ಹೋದಾಗ ಅದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಇಟ್ಟಿದ್ದರು. ತಂಗಿ ಹೊರಗೆ ಸ್ಕೂಟರ್ ಮೇಲೆಯೇ ಕೂತಿದ್ದಳು.

"ಉಸಿರು ನೋಡಲ್ವಾ ಚಿಕ್ಕಪ್ಪ?" ಎಂದೆ.

"ಬೆಳಿಗ್ಗೇನೇ ನೋಡಾಯ್ತು. ತಗೊಂಡ್ಹೋಗಮ್ಮ, ನನ್ ಮೇಲೂ ಅನುಮಾನಾನಾ?"

ನಾನು ನಗುತ್ತಲೇ ಜಿಪ್ ತೆಗೆದೆ. ಹೊಸ ಪೈಪು, ಬಾಯಲ್ಲಿ ಕಚ್ಚುವ ಹೊಸ ರಬ್ಬರು, ಮದುಮಗಳ ಹಾಗೆ ಮಿಂಚುತ್ತಿತ್ತು. ಸಿಲಿಂಡರಿಗೆ ಜೋಡಿಸಲು ಸ್ಕ್ರೂ ತಿರುಗಿಸುವಾಗ ಹಿತ್ತಾಳೆಯ ಮೇಲಿನ ಒಂದು ಹಳೆಯ ಗೀರು ಹೆಬ್ಬೆರಳಿಗೆ ತಗುಲಿತು. ಹಿಂದೊಮ್ಮೆ ಸ್ಪ್ಯಾನರ್ ಜಾರಿ ಆ ಗೀರು ಹಾಕಿದವಳು ನಾನೇ.

ಕಳೆದ ವರ್ಷ ಇದನ್ನೇ ಕಚ್ಚಿಕೊಂಡು ಹಡಗಿನಡಿಯಲ್ಲಿದ್ದಾಗ ಗಾಳಿ ಒದ್ದೆ ಬಟ್ಟೆಯಿಂದ ಹೀರಿದಷ್ಟು ಬಿಗಿಯಾಗಿ, ಸತ್ತೆನೋ ಬದುಕಿದೆನೋ ಎಂದು ಮೇಲೆ ಬಂದಿದ್ದೆ. "ಒಳಗೆಲ್ಲಾ ಉಪ್ಪು ತಿಂದ್ಹಾಕಿದೆ, ಇದು ರಿಪೇರಿ ಆಗಲ್ಲ. ಸುತ್ತಿಗೇಲಿ ಜಜ್ಜಿ ಗುಜರಿಗೆ ಹಾಕ್ತೀನಿ, ಇನ್ಯಾರ ಕೈಗೂ ಸಿಗಬಾರದು" ಎಂದು ಅದನ್ನು ತೆಗೆದಿಟ್ಟುಕೊಂಡವರು ಇದೇ ಚಿಕ್ಕಪ್ಪ.

ಬಾಯಿಗಿಟ್ಟು ಉಸಿರೆಳೆದೆ. ಮುಳ್ಳು ಕೆಳಗೆ ಬಿದ್ದು ಎದ್ದಿತು. ಇನ್ನೊಮ್ಮೆ ಎಳೆದೆ. ಮತ್ತೆ ಬಿತ್ತು.

"ಇದು ನಂದೇ ಅಲ್ವಾ?"

ಚಿಕ್ಕಪ್ಪ ಕನ್ನಡಕ ಒರೆಸತೊಡಗಿದರು. "ಎರಡಾಳುದ್ದದ ನೀರಲ್ಲಿ ಏನೂ ಆಗಲ್ಲ ಬಿಡೇ. ಹೊಸಬ್ರು ಎಲ್ಲಿ ಅದಕ್ಕಿಂತ ಆಳಕ್ಕೆ ಹೋಗ್ತಾರೆ?"

ನಾನು ಬಾಗಿಲಿಗೆ ಹೋಗಿ ತಂಗಿಯನ್ನು ಒಳಗೆ ಕರೆದೆ. "ನೋಡಿ, ಇವಳೇ ಆ ಹೊಸ ಹುಡುಗಿ."

ಅವರ ಮುಖ ಬಿಳುಚಿಕೊಂಡಿತು. "ಅಯ್ಯೋ! ನಮ್ ಹುಡುಗೀಗೆ ಅಂತ ಮೊದಲೇ ಬಾಯ್ಬಿಟ್ಟು ಹೇಳ್ಬಾರ್ದಾ? ಹೇಳಿದ್ರೆ ಇದನ್ನ ಕೊಡ್ತಿದ್ನಾ?"

ಮೈಯೆಲ್ಲ ಉರಿದುಹೋಯಿತು. ತಪ್ಪಾಯ್ತು ಎಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆನೇನೋ. "ಬೇರೆಯವ್ರ ಮಕ್ಕಳು ಉಸಿರಾಡಲ್ವಾ ಚಿಕ್ಕಪ್ಪ?" ಎಂದೆ.

ಅವರು ಸರಸರನೆ ಒಳಗಿನ ಕಪಾಟಿನಿಂದ ಇನ್ನೊಂದು ತಂದರು. ಹಳೆಯದನ್ನು ಕಳಚಿ ಪಕ್ಕಕ್ಕಿಟ್ಟು, ಇದನ್ನು ಜೋಡಿಸಿ ಉಸಿರೆಳೆದರು. ಮುಳ್ಳು ಅಲುಗಲಿಲ್ಲ. "ತಗೋ ಪುಟ್ಟಿ, ದುಡ್ಡೇನೂ ಬೇಡ" ಎಂದು ತಂಗಿಯ ಮುಂದೆ ಹಿಡಿದರು. ಅದು ಒಳ್ಳೆಯದೇ. ಅವಳು ಕೈ ಚಾಚಿದಳು, ನಾನು ಆ ಕೈ ಹಿಡಿದು ಕೆಳಗಿಳಿಸಿದೆ.

ಮೇಜಿನ ಮೇಲೆ ಅವರ ಸುತ್ತಿಗೆಯಿತ್ತು. ನನ್ನ ಹಳೆಯ ರೆಗ್ಯುಲೇಟರನ್ನು ನೆಲಕ್ಕಿಟ್ಟು ನಾನೇ ಜಜ್ಜಿದೆ. ಹಿತ್ತಾಳೆ ಗಟ್ಟಿ, ಸುಲಭಕ್ಕೆ ಬಗ್ಗಲಿಲ್ಲ. ಚಿಕ್ಕಪ್ಪ ತಡೆಯಲಿಲ್ಲ.

ಹೊರಗೆ ಬಂದ ಮೇಲೆ ತಂಗಿ ಮೆಲ್ಲಗೆ ಕೇಳಿದಳು, "ನಾಳೆಗೇನಕ್ಕಾ ಮಾಡೋದು?"

"ನಾಳೆ ಇಳಿಯೋದು ಬೇಡ. ಬೇರೆ ಅಂಗಡಿ ನೋಡೋಣ. ಮೊದಲು ನೀನೊಬ್ಳೇ ಒಳಗೆ ಹೋಗು, ಯಾರ ಮನೆಯವಳು ಅಂತ ಬಾಯಿ ಬಿಡ್ಬೇಡ" ಎಂದೆ. "ಯಾರೂ ಅಲ್ದೋಳಿಗೆ ಏನು ಕೊಡ್ತಾರೋ, ಅದನ್ನ ನೋಡೋಣ."