ನನ್ನ ಮೇಲೊಂದು ಕೇಸು ಹಾಕು

ಎರಡನೇ ಹೆಂಡತಿಯ ಮಗನ ಜೀವನಾಂಶ ಗೊತ್ತುಮಾಡುವಾಗ ಅಮೆರಿಕದ ಜಾರ್ಜಿಯಾದ ನ್ಯಾಯಾಧೀಶರು ಲಾರಿ ಚಾಲಕ ರಾಸ್ಕೋನನ್ನು ಕೇಳಿದರು: ಒಹಾಯೋದಲ್ಲಿರುವ ಮಗಳಿಗೂ ಕೊಡುತ್ತಿದ್ದರೆ ಕೋರ್ಟಿನ ಆದೇಶವೆಲ್ಲಿ? ಅಂಥದ್ದೇನೂ ಇರಲಿಲ್ಲ. ಒಂಬತ್ತು ವರ್ಷದಿಂದ ತಿಂಗಳಿಗೊಮ್ಮೆ ಆ ದಾರಿಯಲ್ಲಿ ಹೋದಾಗ ಮೊದಲ ಹೆಂಡತಿ ವರ್ನಾಳ ಕೈಗೇ ಹಣ ಕೊಟ್ಟು ಬರುತ್ತಿದ್ದ. ಆದೇಶವಿಲ್ಲದಿದ್ದರೆ ಮಗಳ ಪಾಲು ಲೆಕ್ಕಕ್ಕಿಲ್ಲ. ಪೂರ್ತಿ ಸಂಬಳದ ಮೇಲೆ ಮಗನ ಪಾಲು ಗೊತ್ತಾದರೆ, ಉಳಿದದ್ದು ಮಗಳಿಗೆ ಸಾಲದು.

ಅವನು ಫೋನು ಮಾಡಿದ. “ವರ್ನಾ, ನನ್ಮೇಲೊಂದು ಕೇಸ್ ಹಾಕು ಮಾರಾಯ್ತಿ.”

“ಕುಡಿದಿದೀಯೇನೋ? ನಮ್ಮಮ್ಮ ಬಾಯಿ ಬಡ್ಕೊಂಡಾಗ್ಲೂ ಹಾಕ್ಲಿಲ್ಲ ನಾನು!”

ಅವನು ಎಲ್ಲವನ್ನೂ ಬಿಡಿಸಿ ಹೇಳಿದ.

“ಸರಿ, ಸೋಮವಾರ ಹಾಕ್ತೀನಿ. ಇನ್ಮೇಲೆ ದುಡ್ಡು ಸಂಬಳದಲ್ಲೇ ಹಿಡ್ದು ಕೋರ್ಟ್ ಕಡೆಯಿಂದ ಅಂಚೇಲಿ ಬರುತ್ತೆ. ನೀನು ಬರೋದೇನೂ ಬೇಕಾಗಲ್ಲ.”

“ಬೇಕಾಗಲ್ಲ,” ಎಂದ ರಾಸ್ಕೋ. ಪ್ರತಿ ಸಲವೂ ಲಾರಿಯ ಸದ್ದಿಗೇ ಮಗಳು ಒಡೆಸ್ಸಾ ಬರಿಗಾಲಲ್ಲಿ ಓಡಿಬಂದು, ತೊಡೆಯೇರಿ, ಬೀದಿಯೆಲ್ಲ ಬೈಯುವವರೆಗೂ ಹಾರ್ನ್ ಒತ್ತುತ್ತಿದ್ದಳು. ವರ್ನಾ ಕೊಟ್ಟ ಬಿಸಿ ಜೋಳದ ಬ್ರೆಡ್ಡನ್ನು ಅವನು ಮೆಟ್ಟಿಲ ಮೇಲೆ ನಿಂತೇ ತಿನ್ನುತ್ತಿದ್ದ. ಒಳಗೆ ಬಾ ಎಂದು ಅವಳು ಕರೆದದ್ದಿಲ್ಲ. ಹಣದ ನೆಪವೊಂದೇ ಅವನನ್ನು ಅಲ್ಲಿಯವರೆಗೆ ಒಯ್ಯುತ್ತಿತ್ತು.

“ಇಲ್ಕೇಳು,” ಎಂದಳು ವರ್ನಾ. “ದುಡ್ಡು ಬರುತ್ತೆ ಅಂತ ನೀನು ಬರೋದು ಬಿಟ್ಬಿಡ್ಬೇಡ. ಮಗಳಿಗೆ ಏನು ಹೇಳ್ಲಿ, ಕೋರ್ಟ್‌ನೋರು ನಿಮ್ಮಪ್ಪನ್ನೂ ಅಂಚೇಲಿ ಕಳಿಸ್ತಾರೆ ಅಂತ್ಲಾ?”