ಹುಚ್ಚೇಶನ ಬೆರಳು, ರತ್ನಾಬಾಯಿಯ ಬೂದಿ

ಇಳಕಲ್ಲಿನಲ್ಲಿ ಹುಚ್ಚೇಶನ ಬಲಗೈ ತೋರುಬೆರಳಿಗಿದ್ದ ಹೆಸರು ಶಾಸಕರಿಗೂ ಇರಲಿಲ್ಲ. ಸೀರೆಯ ದಡಿಯ ನಕ್ಷೆಗಳನ್ನು ಅವನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದ. ಅದೂ ಮೌಸ್ ಮುಟ್ಟದೆ, ಕೀಲಿಗಳ ಕೆಳಗಿನ ಟಚ್‌ಪ್ಯಾಡಿನ ಮೇಲೆ ಬರೀ ಒಂದು ಬೆರಳಾಡಿಸಿ. ಅವನು ಬೆರಳು ಎತ್ತಿದರೆ ಓಣಿಯ ಮುನ್ನೂರು ಮಗ್ಗಗಳು ಉಸಿರು ಹಿಡಿಯುತ್ತಿದ್ದವು. ಸುಳ್ಳು ಅನ್ನುವವರು ಆ ಓಣಿ ಕಂಡವರೇ ಅಲ್ಲ.

ಏಳು ವರ್ಷ ದುಡಿದ ಆ ಲ್ಯಾಪ್‌ಟಾಪು ೨೦೦೯ರ ಯುಗಾದಿಗೆ ಮುನ್ನ ಸತ್ತಿತು. ಹೊಸದನ್ನು ಕೊಟ್ಟ ಅಂಗಡಿಯ ಚಾಂದಸಾಬ ಜೊತೆಗೊಂದು ಮೌಸು ಪುಕ್ಕಟೆ ಚಾಚಿದ.

ಹುಚ್ಚೇಶ ಕೈ ಕೊಡವಿದ. "ಬೆರಳಿಲ್ಲದವರಿಗೆ ಕೊಡು ಹೋಗಲೇ ಅದನ್ನ. ನಾ ಮೌಸ್ ಹಿಡದ ದಿನ ಈ ಮೀಸಿ ಬೋಳಿಸಿ ನಿನ್ನ ಗಲ್ಲಾದ ಮ್ಯಾಲ ಇಡ್ತೇನಿ!"

ಸಂಜೆಯೊಳಗೆ ಈ ಪಣ ಹುನಗುಂದ ಮುಟ್ಟಿತು. ಚಾಂದಸಾಬ ಮಾತ್ರ ನಕ್ಕು, ಮೌಸನ್ನು ಚೀಲದೊಳಗೆ ತುರುಕಿಯೇ ಕಳಿಸಿದ್ದ.

ಹೊಸ ಪ್ಯಾಡಿನ ಗುಣವೇ ಬೇರೆ. ಹಳೆಯದರ ಬಲ ಅಂಚಿನಲ್ಲಿ ಬೆರಳು ಜಾರಿಸಿದರೆ ನಕ್ಷೆ ಮೇಲೇರುತ್ತಿತ್ತು. ಇದಕ್ಕೆ ಎರಡು ಬೆರಳು ಬೇಕಂತೆ. ಅದು ಗುದ್ದಿದರಷ್ಟೇ ಕೇಳುತ್ತಿತ್ತು; ಇದು ಬೆರಳಿನ ನೆರಳಿಗೂ ಬೆಚ್ಚಿ ಏನೋ ಒಂದನ್ನು ತೆರೆಯುತ್ತಿತ್ತು.

ಮೂರನೆಯ ದಿನ ಬಾದಾಮಿಯ ಸೀರೆ ವ್ಯಾಪಾರಿ ಸುಧಾರಾಣಿ ಬಂದಳು. ನಕ್ಷೆಯನ್ನು ತನ್ನ ಕಣ್ಣೆದುರೇ ತಿದ್ದಿಸಿಕೊಳ್ಳದೆ ಒಪ್ಪಿಕೊಳ್ಳುವವಳಲ್ಲ.

"ಹುಚ್ಚೇಶಣ್ಣ, ಈ ಚಿಕ್ಕಿ ಸಾಲು ಎರಡು ಮನಿ ಕೆಳಗ ತಗೋರಿ."

ಚುಕ್ಕಿಗಳ ಸಾಲನ್ನು ಎರಡು ಚೌಕ ಇಳಿಸುವುದಷ್ಟೇ; ಹುಚ್ಚೇಶ ಮೀಸೆ ತಿರುವಿ ಬೆರಳಿಟ್ಟ. ಚಿಕ್ಕಿ ಸಾಲು ಸೆರಗಿಗೆ ಹಾರಿತು. ಹಿಂದಕ್ಕೆ ಎಳೆದ, ದಡಿಯೇ ಹಿಗ್ಗಿ ಪರದೆ ತುಂಬಿತು. ಸಿಟ್ಟಿನಿಂದ ಗುದ್ದಿದ; ನಕ್ಷೆ ಮುಚ್ಚಿಕೊಂಡಿತು. ಅವನ ಬೆವರಿಗೆ ಮಲಪ್ರಭೆಯ ನೀರು ಒಂದು ಮೊಳ ಏರಿತು.

"ಇದಕ್ಕ ಮೈಯಾಗ ದೇವ್ರು ಬಂದಾನೇನ್ರಿ?" ಎಂದಳು ಸುಧಾರಾಣಿ. "ಮೌಸ್ ಇಲ್ಲೇನು?"

"ಮೌಸಾ? ಹುಚ್ಚೇಶನ ಮನ್ಯಾಗ?"

"ಹಂಗಾರ ನಾ ಹುನಗುಂದದಾಗ ಬರಸ್ತೇನಿ. ಒಂದು ಗಂಟೇಕ ಬಸ್ಸೈತಿ."

ಮೂಲೆಯಲ್ಲಿ ತಾಯಿ ರತ್ನಾಬಾಯಿ ಮಗ್ಗದಲ್ಲಿ ಮುಗಿದ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದಳು. ಎಳೆ ಜಾರದಂತೆ ಬೆರಳಿಗೆ ಬೂದಿ. ದಿನಕ್ಕೆ ನಾಲ್ಕು ಸಾವಿರ ಎಳೆ, ಒಂದೂ ಹರಿದದ್ದಿಲ್ಲ.

"ಮೊಳೆ ಹೊಡದಂಗ ಹೊಡೀತೀಯಲ್ಲೋ. ಸರಿ ಅತ್ಲಾಗ."

"ಅವ್ವಾ, ಒಳಗ ಬೂದಿ ಹೋದ್ರ ಮಷೀನು ಕೆಡತೈತಿ!"

"ನೀ ಏನರ ಉಳಿಸೀಯೇನ ಕೆಡಸಾಕ? ತಗಿ ಅದನ್ನ."

ಹುಚ್ಚೇಶ ನಕ್ಷೆ ತೆರೆದುಕೊಟ್ಟ. ಅವಳು ಬೂದಿಯ ಬೆರಳನ್ನು ಎಳೆ ಹಿಡಿದಷ್ಟೇ ಹಗುರಾಗಿ ಪ್ಯಾಡಿಗೆ ತಾಗಿಸಿದಳು. ಬಾಣದ ಗುರುತು ಸಾಕಿದ ಕುರಿಯಂತೆ ಹಿಂದೆ ಬಂತು. ಹುಚ್ಚೇಶ ಪಕ್ಕದಲ್ಲಿ ನಿಂತು ಹೇಳಿಕೊಟ್ಟಂತೆ ಚಿಕ್ಕಿ ಸಾಲು ಎರಡು ಮನೆ ಕೆಳಗಿಳಿದು ಕೂತಿತು.

ಆಗ ಹುಚ್ಚೇಶನಿಗೆ ಹೊಳೆಯಿತು. ಹಳೆಯ ಪ್ಯಾಡು ಎಂದೋ ಜೋಮು ಹಿಡಿದಿತ್ತು; ಅದನ್ನು ಗುದ್ದಿ ಎಬ್ಬಿಸುವುದನ್ನೇ ಇಷ್ಟು ದಿನ ಅವನು ವಿದ್ಯೆ ಎಂದುಕೊಂಡಿದ್ದ.

ಸುಧಾರಾಣಿ ನಕ್ಷೆ ಒಪ್ಪಿದಳು. "ಮುಂದಿನವು ಆರು ದಡಿನೂ ಇಲ್ಲೇ. ಆದ್ರ ರತ್ನಾಬಾಯಾರ ಕೈಲೇ ತಿದ್ದಸ್ರಿ ಮತ್ತ."

ಅವಳು ಹೋದರೂ ರತ್ನಾಬಾಯಿ ಏಳಲಿಲ್ಲ.

"ಅವ್ವಾ, ನನಗೂ ಕೆಲಸ ಐತಿ. ಪ್ಯಾಡ್ ಬಿಡು."

"ಇದು ನನಗಿರ್ಲಿ. ನಿನಗ ಚೀಲದಾಗ ಒಂದು ಇಟ್ಟಾನಲ್ಲ ಚಾಂದಸಾಬ."

ಮರುದಿನ ಹುಚ್ಚೇಶ ಬಾಯಿಗೆ ಕರವಸ್ತ್ರ ಹಿಡಿದು ಅಂಗಡಿಗೆ ಹೋದ. ಗಲ್ಲಾಪೆಟ್ಟಿಗೆಯ ಮೇಲೆ ಕಾಗದದ ಸಣ್ಣ ಪೊಟ್ಟಣ ಇಟ್ಟ. ಬಿಚ್ಚಿದ ಚಾಂದಸಾಬನಿಗೆ ನಗು ತಡೆಯಲಾಗಲಿಲ್ಲ.

"ನಗ್ತೀ ಯಾಕಲೇ?" ಎಂದು ಹುಚ್ಚೇಶ ಎದೆ ಸೆಟೆಸಿ ಕರವಸ್ತ್ರ ತೆಗೆದ. "ಇಡೀ ಜಿಲ್ಲಾದಾಗ ಆಡಿದ ಮಾತು ಉಳಿಸ್ಕೊಂಡಾಂವ ನಾ ಒಬ್ಬಾವನ!"